ಜೋಡಿ ಗೂಡು, ಜೋಡಿ ಕೋಶ

ಶಿಡ್ಲಘಟ್ಟ, ಚಿಂತಾಮಣಿ ಕಡೆ ರೋಗ ಅಂದರೆ ಮೊದಲು ನೆನಪಾಗುವುದು ರೇಷ್ಮೆಹುಳುವಿನ ರೋಗ: ಹಾಲುತೊಂಡೆ, ಸುಣ್ಣಕಟ್ಟು, ಸಪ್ಪೆರೋಗ, ಗಂಟುರೋಗ. "ಹಸೂಗೆ ಇಂಜೆಕ್ಷನ್ ಹಾಕ್ತಾರೆ, ಹುಳೂಗ್ಯಾಕೆ ಹಾಕಲ್ಲ?" ಅಂತ ಅಪ್ಪ ಕೇಳುತ್ತಿದ್ದರು. ನನಗೆ ಉತ್ತರ ಸಿಕ್ಕಿದ್ದು ಬೆಂಗಳೂರಿನ ಪ್ರಯೋಗಾಲಯದಲ್ಲಿ ಇಲಿಗಳ ಜೊತೆ ಕೆಲಸಕ್ಕೆ ನಿಂತ ಮೇಲೆ. ರೇಷ್ಮೆಹುಳುವಿಗೆ ದುಗ್ಧಗ್ರಂಥಿಯಿಲ್ಲ, ಬಿ ಕೋಶವಿಲ್ಲ, ಪ್ರತಿಕಾಯವೂ ಇಲ್ಲ. ಲಸಿಕೆ ಯಾರಿಗೆ ಪಾಠ ಹೇಳಬೇಕು? ಅದಕ್ಕೇ ಸಾಕಣೆ ಮನೆಯಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ.

ಹುಳುವಿಗಿಲ್ಲದ ದುಗ್ಧಗ್ರಂಥಿ ಇಲಿಗಿದೆ. ತೊಡೆಸಂದಿಯದು ಒಂದೆರಡು ಮಿಲಿಮೀಟರಿನದು. ಚರ್ಮದ ಒಳಮೈಯಲ್ಲಿ ರಕ್ತನಾಳಗಳು ಕೂಡುವ ಜಾಗದಲ್ಲಿ, ಕೊಬ್ಬಿನೊಳಗೆ ಹುದುಗಿರುತ್ತದೆ. ಕಿತ್ತದ್ದು ಗ್ರಂಥಿಯೋ ಬರೀ ಕೊಬ್ಬೋ ಎಂಬ ಅನುಮಾನ ಬಂದರೆ ಬಫರ್‌ಗೆ ಹಾಕಿ ನೋಡುತ್ತೇನೆ. ಕೊಬ್ಬು ತೇಲುತ್ತದೆ, ಗ್ರಂಥಿ ಮುಳುಗುತ್ತದೆ. ಆಮೇಲೆ 70 ಮೈಕ್ರಾನ್ ಜಾಲರಿಯ ಮೇಲಿಟ್ಟು ಸಿರಿಂಜಿನ ಹಿಂಬದಿಯಿಂದ ಉಜ್ಜಿದರೆ ಕೋಶಗಳು ಬಿಡಿಯಾಗುತ್ತವೆ.

ಬಿಡಿ ಎಂದೆನಲ್ಲ, ತಕರಾರು ಇರುವುದೇ ಅಲ್ಲಿ. ಗೂಡು ವಿಂಗಡಿಸುವಾಗ ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡನ್ನು ಪಕ್ಕಕ್ಕೆ ಹಾಕುತ್ತೇವೆ. ಅದರ ಎಳೆ ಸಿಕ್ಕಾಗಿ ಬಿಚ್ಚಾಣಿಕೆಗೆ ಬರುವುದಿಲ್ಲ. ಬಣ್ಣ ಕಟ್ಟಿದ ಪ್ರತಿಕಾಯ ಅಂಟಿಸಿದ ಕೋಶಗಳನ್ನು ಒಂದೊಂದಾಗಿ ಹಾಯಿಸಿ ಗುರುತಿಸುವ ಫ್ಲೋ ಸೈಟೋಮೀಟರ್‌ನಲ್ಲೂ ಹಾಗೆಯೇ. ಬಿ ಕೋಶಕ್ಕೆ ಟಿ ಕೋಶವೊಂದು ಅಂಟಿಕೊಂಡು ಹಾದುಹೋದರೆ, ಬಿ ಕೋಶದ ಗುರುತಾದ ಬಿ220, ಟಿ ಕೋಶದ ಗುರುತಾದ ಸಿಡಿ3 ಎರಡೂ ಇರುವ 'ಹೊಸ' ಕೋಶ ಪರದೆಯ ಮೇಲೆ ಹುಟ್ಟುತ್ತದೆ. ಸಂಕೇತದ ಎತ್ತರ, ವಿಸ್ತೀರ್ಣ ಎರಡನ್ನೂ ಹೋಲಿಸಿ ಇಂಥ ಜೋಡಿಗಳನ್ನು ತೆಗೆಯಬೇಕು. ಸತ್ತ ಕೋಶಗಳನ್ನೂ ಬಿಡಬೇಕು. ಅವು ಯಾವ ಪ್ರತಿಕಾಯ ಹಾಕಿದರೂ ಅಂಟಿಸಿಕೊಳ್ಳುತ್ತವೆ. ಬಿ ಕೋಶದ ಮೈಮೇಲೆ ಪ್ರತಿಕಾಯದ ಬಾಲ ಹಿಡಿಯುವ ಎಫ್‌ಸಿ ಗ್ರಾಹಕವಿದೆ, ಅದನ್ನು ಮೊದಲೇ ಮುಚ್ಚಬೇಕು.

ಬಣ್ಣ ಹೆಚ್ಚಿದಷ್ಟೂ ತಿಳಿವಳಿಕೆ ಹೆಚ್ಚುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಹುಡುಕುವ ಕೋಶ ಎಲ್ಲಿ ಇದ್ದೇ ಇರುತ್ತದೆ, ಎಲ್ಲಿ ಇರುವುದೇ ಇಲ್ಲ ಎನ್ನುವುದು ಮೊದಲು ಗೊತ್ತಿರಬೇಕು. ಜಿಎಲ್7 ಮತ್ತು ಸಿಡಿ95 ಹೊತ್ತ ಜರ್ಮಿನಲ್ ಸೆಂಟರ್ ಕೋಶಗಳು, ಲಸಿಕೆ ಕಾಣದ ಇಲಿಯ ತೊಡೆಸಂದಿಯ ಗ್ರಂಥಿಯಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಲಸಿಕೆ ಹಾಕಿ ಹತ್ತು ಹದಿನಾಲ್ಕು ದಿನಕ್ಕೆ ತುಂಬಿಕೊಳ್ಳುತ್ತವೆ. ಅದೇ ಇಲಿಯ ಕರುಳಿನ ಪೇಯರ್ ಪಟ್ಟಿಗಳಲ್ಲಾದರೆ ಲಸಿಕೆಯಿಲ್ಲದೆಯೂ ಸಿಗುತ್ತವೆ, ಕರುಳಿನ ಬ್ಯಾಕ್ಟೀರಿಯಾಗಳ ದೆಸೆಯಿಂದ. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ನಾನು ಪರೀಕ್ಷಿಸುವುದು ಅಲ್ಲಿ. ಮಾರ್ಜಿನಲ್ ಝೋನ್ ಬಿ ಕೋಶಗಳದು ಇನ್ನೊಂದು ಕಥೆ: ಇಲಿಯಲ್ಲಿ ಅವುಗಳ ನೆಲೆ ಗುಲ್ಮ. ಗ್ರಂಥಿಯಲ್ಲಿ ಅವು ಗುಂಪುಗುಂಪಾಗಿ ಕಂಡರೆ ಸಂಭ್ರಮಿಸುವ ಮೊದಲು, ಪರದೆಯ ಮೇಲೆ ಕೋಶಗಳನ್ನು ವಿಂಗಡಿಸಲು ಹಾಕಿದ ಗೇಟುಗಳನ್ನು ಮತ್ತೆ ನೋಡಿ.

ಈ ಕೆಲಸಕ್ಕೆ ಹೊಸದಾಗಿ ಬರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಲ್ಲಿ ಒಂದು ಕೋರಿಕೆ. ಒಂದೊಂದು ಬಣ್ಣದ ಕಂಟ್ರೋಲ್‌ಗೆ ಗ್ರಂಥಿಯನ್ನು ಖರ್ಚು ಮಾಡಬೇಡಿ, ಅದೇ ಇಲಿಯ ಗುಲ್ಮವನ್ನು ಬಳಸಿ. ಅದರಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ, ಅದಕ್ಕಾಗಿ ಇನ್ನೊಂದು ಪ್ರಾಣಿಯನ್ನು ಕೊಲ್ಲಬೇಕಾಗಿಲ್ಲ.