ಹೊಟ್ಟೆಹುಣ್ಣಿಗೆ ಖಾರವೇ ಕಾರಣವೇ?

ಪಾಳಿ ಮುಗಿಸಿ ಬಂದವರು ಹೊಟ್ಟೆ ಉರಿಯೆಂದು ಸೋಡಾ ಕುಡಿದು, ಖಾನಾವಳಿಯ ಖಾರವನ್ನು ಬೈಯುವುದನ್ನು ನಾವು ದಿನವೂ ಕೇಳುತ್ತೇವೆ. ನಾವು ವೈದ್ಯರಲ್ಲ, ಗುಮಾಸ್ತರು. ಓದಿ ತಿಳಿದುದನ್ನು ಹೇಳುತ್ತಿದ್ದೇವೆ. ಅನೇಕರ ಹುಣ್ಣಿಗೆ ಮೂಲ ಖಾರವಲ್ಲ, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ರೋಗಾಣು. ಆಸ್ಟ್ರೇಲಿಯದ ಪರ್ತ್ ನಗರದ ವೈದ್ಯರಾದ ವಾರನ್ ಮತ್ತು ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಜನರು ನಂಬದಿರಲು, 1984ರಲ್ಲಿ ಮಾರ್ಷಲ್ ಆ ರೋಗಾಣುಗಳನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು!

ರೋಗಾಣು ಹೊಕ್ಕವರೆಲ್ಲರಿಗೂ ಹುಣ್ಣಾಗುವುದಿಲ್ಲ. ಏಕೆ? ರೋಗಾಣುವಿನ ಹುಟ್ಟುಗುಣವನ್ನು ಹೊತ್ತಿರುವ ಜೀನುಗಳಲ್ಲಿ ಉತ್ತರದ ಒಂದು ಭಾಗವಿದೆ. ‘ಕ್ಯಾಗ್-ಎ’ ಎಂಬ ಜೀನುಳ್ಳ ತಳಿಯು ಸೂಜಿಯಂಥ ಅಂಗದಿಂದ ತನ್ನ ಪ್ರೋಟೀನನ್ನು ಜಠರದ ಜೀವಕೋಶದೊಳಕ್ಕೆ ಚುಚ್ಚುತ್ತದೆ. ಕೋಶ ಕೆರಳಿ ಊತ ಹೆಚ್ಚುತ್ತದೆ. ‘ವ್ಯಾಕ್-ಎ’ ಜೀನಿನಿಂದಾದ ವಿಷವು ಕೋಶದೊಳಗೆ ಗುಳ್ಳೆಗಳನ್ನೆಬ್ಬಿಸಿ ಅದನ್ನು ಕೆಡಿಸುತ್ತದೆ. ಹೀಗೆ ಒಳಪೊರೆ ಸವೆದ ಕಡೆ ಆಮ್ಲ ತಗುಲಿ ಹುಣ್ಣಾಗುತ್ತದೆ. ಆದರೆ ನಮ್ಮ ದೇಶದಲ್ಲಿ ಹುಣ್ಣಿಲ್ಲದವರ ರೋಗಾಣುವಿನಲ್ಲಿಯೂ ಕ್ಯಾಗ್-ಎ ಸಾಮಾನ್ಯವಾಗಿ ಕಂಡುಬಂದಿದೆ. ಜೀನೊಂದನ್ನೇ ನೋಡಿ ಭವಿಷ್ಯ ಹೇಳಲಾಗದು.

ಸೋಡಾ ಉರಿಯನ್ನು ಗಳಿಗೆಹೊತ್ತು ತಣಿಸೀತು, ರೋಗಾಣುವನ್ನು ಕೊಲ್ಲದು. ಉಸಿರಿನ ಇಲ್ಲವೆ ಮಲದ ಪರೀಕ್ಷೆಯಿಂದ ಅದನ್ನು ಗುರುತಿಸಿ, ವೈದ್ಯರು ಸಾಮಾನ್ಯವಾಗಿ 14 ದಿನ ಮಾತ್ರೆ ಕೊಡುತ್ತಾರೆ. ನಾಲ್ಕನೆಯ ದಿನಕ್ಕೇ ಉರಿ ತಗ್ಗಿತೆಂದು ಬಿಟ್ಟರೆ, ಉಳಿದ ರೋಗಾಣುಗಳು ಔಷಧಿಗೆ ಜಗ್ಗದಂತಾಗಬಹುದು. ಮಲ ಡಾಂಬರಿನಂತೆ ಕಪ್ಪಾದರೆ ಒಳಗೆ ರಕ್ತ ಸೋರುತ್ತಿರಬಹುದು. ಆಗ ಪಾಳಿ ನೋಡದೆ ಆಸ್ಪತ್ರೆಗೆ ಹೋಗತಕ್ಕದ್ದು.