ಎಂಜಿನ್ನಿನ ಹದ

ದೋಸೆಯ ಹೆಂಚು ಕಾಯುವ ಮೊದಲೇ ಹಿಟ್ಟನ್ನು ಹುಯ್ದರೆ ದೋಸೆ ಮೇಲೇಳುವುದಿಲ್ಲ. ಹೆಂಚು ಅತಿಯಾಗಿ ಕಾದಿದ್ದರೆ ಸೀದು ಕರಕಾಗುತ್ತದೆ. ಇವೆರಡರ ನಡುವೆ ಒಂದು ಹದವುಂಟು. ಅಡುಗೆಯ ಮನೆಯಲ್ಲಿ ಎಲ್ಲರೂ ಬಲ್ಲ ಈ ಮಾತು ಹೆದ್ದಾರಿಯಲ್ಲಿ ಸಾಗುವ ಲಾರಿಯ ಎಂಜಿನ್ನಿಗೂ ಸಲ್ಲುತ್ತದೆ. ಎಂಜಿನ್ ಕುದಿಯಬಾರದೆಂಬ ಎಚ್ಚರ ಪ್ರತಿಯೊಬ್ಬ ಚಾಲಕನಿಗೂ ಇರುತ್ತದೆ. ಅದು ಅತಿಯಾಗಿ ತಣ್ಣಗಿರಲೂಬಾರದೆಂಬುದು ಹಲವರಿಗೆ ಹೊಳೆಯುವುದೇ ಇಲ್ಲ.

ಲಾರಿಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಡೀಸೆಲ್ ಎಂಜಿನ್. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ರುಡಾಲ್ಫ್ ಡೀಸೆಲನು 1897ರಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಇದರಲ್ಲಿ ಇಂಧನಕ್ಕೆ ಕಿಡಿ ತಗುಲಿಸುವ ಸಾಧನವಿಲ್ಲ. ಪಿಸ್ಟನ್ನು ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರನೆಯ ಒಂದು ಭಾಗಕ್ಕೆ ಅದುಮಿದಾಗ ಆ ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಆಗ ತುಂತುರಾಗಿ ಒಳನುಗ್ಗುವ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಶಾಖವೇ ಈ ಯಂತ್ರದ ಜೀವಾಳ.

ಹೀಗೆ ಉತ್ಪತ್ತಿಯಾದ ಶಾಖವೆಲ್ಲವೂ ಚಕ್ರಗಳನ್ನು ತಿರುಗಿಸಲು ಒದಗುವುದಿಲ್ಲ. ಹಳೆಯ ಲಾರಿಗಳಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಕೆಲಸವಾಗಿ ಮಾರ್ಪಡುತ್ತದೆ. ಉಳಿದುದರಲ್ಲಿ ಬಹುಪಾಲು ಹೊಗೆಕೊಳವೆಯ ಮೂಲಕವೂ, ಎಂಜಿನ್ನನ್ನು ಸುತ್ತಿ ಹರಿಯುವ ನೀರಿನ ಮೂಲಕವೂ ಹೊರಹೋಗುತ್ತದೆ. ಆ ನೀರು ಮುಂಭಾಗದ ರೇಡಿಯೇಟರನ್ನು ಹಾದು, ಫ್ಯಾನಿನ ಗಾಳಿಗೆ ತಣಿದು ಹಿಂದಿರುಗುತ್ತದೆ. ಈ ಏರ್ಪಾಡು ಇಲ್ಲದಿದ್ದರೆ ಕೀಲೆಣ್ಣೆ ತೆಳುವಾಗಿ ಸತ್ತ್ವಗೆಡುತ್ತದೆ; ಪಿಸ್ಟನ್ ಉಬ್ಬಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಆದುದರಿಂದ ತಂಪುಗೊಳಿಸುವುದು ಅಗತ್ಯ. ಆದರೆ ಅಗತ್ಯವನ್ನು ಮೀರಿ ತಂಪುಗೊಳಿಸುವುದೆಂದರೆ, ಹಣ ಕೊಟ್ಟು ಕೊಂಡ ಶಾಖವನ್ನು ಗಾಳಿಗೆ ತೂರಿದಂತೆಯೇ ಸರಿ.

ತಣ್ಣನೆಯ ಎಂಜಿನ್ ಹೆಚ್ಚು ಇಂಧನವನ್ನು ನುಂಗಲು ಕಾರಣಗಳೇನು? ಮೊದಲನೆಯದಾಗಿ, ಸಿಲಿಂಡರಿನ ಗೋಡೆಗಳು ತಣ್ಣಗಿದ್ದಷ್ಟೂ ಉರಿಯುವ ಅನಿಲದ ಶಾಖವನ್ನು ಹೆಚ್ಚಾಗಿ ಹೀರುತ್ತವೆ. ಪಿಸ್ಟನ್ನನ್ನು ತಳ್ಳಬೇಕಾದ ಶಕ್ತಿ ಅಷ್ಟರಮಟ್ಟಿಗೆ ಕುಂದುತ್ತದೆ. ಎರಡನೆಯದಾಗಿ, ಇಂಧನದ ಹನಿಗಳೆಲ್ಲವೂ ಬೇಗನೆ ಆವಿಯಾಗುವುದಿಲ್ಲ. ಅವುಗಳಲ್ಲಿ ಕೆಲವು ಅರೆಬೆಂದು ಹೊರಹೋಗುತ್ತವೆ. ಮುಂಜಾನೆ ಎಂಜಿನ್ನನ್ನು ಚಾಲೂ ಮಾಡಿದಾಗ ಕಾಣುವ ಬಿಳಿಯ ಹೊಗೆಯಲ್ಲಿ ಉರಿಯದ ಡೀಸೆಲ್ಲಿನ ಅಂಶವಿರುತ್ತದೆ. ಮೂರನೆಯದಾಗಿ, ತಣ್ಣನೆಯ ಕೀಲೆಣ್ಣೆ ಗಟ್ಟಿಯಾಗಿದ್ದು ಘರ್ಷಣೆಯನ್ನು ಹೆಚ್ಚಿಸುತ್ತದೆ.

ನಷ್ಟವು ಇಂಧನಕ್ಕೆ ಮಾತ್ರ ಸೀಮಿತವಲ್ಲ. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯ ಮೇಲಿನ ಕೀಲೆಣ್ಣೆಯ ಪೊರೆಯನ್ನು ತೊಳೆದು, ಕೆಳಗಿಳಿದು ಅಲ್ಲಿರುವ ಎಣ್ಣೆಯನ್ನೂ ಕೆಡಿಸುತ್ತದೆ. ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು ಒಂದು ಲೀಟರಿನಷ್ಟು ನೀರು ಆವಿರೂಪದಲ್ಲಿ ಹುಟ್ಟುತ್ತದೆ. ಬಿಸಿಯಾದ ಎಂಜಿನ್ನಿನಲ್ಲಿ ಅದು ಹೊಗೆಯೊಡನೆ ಹೊರಟುಹೋಗುತ್ತದೆ. ತಣ್ಣನೆಯ ಗೋಡೆ ತಗುಲಿದರೆ ಹನಿಗಟ್ಟಿ, ಇಂಧನದಲ್ಲಿರುವ ಗಂಧಕದ ದಹನದಿಂದುಂಟಾದ ಅನಿಲಗಳೊಡನೆ ಸೇರಿ, ಲೋಹವನ್ನು ತಿನ್ನುವ ಆಮ್ಲವಾಗುತ್ತದೆ. ಭಾರತದಲ್ಲಿ 2020ರ ಏಪ್ರಿಲಿನಿಂದ ಡೀಸೆಲ್ಲಿನಲ್ಲಿರುವ ಗಂಧಕವನ್ನು ಹತ್ತು ಲಕ್ಷದಲ್ಲಿ 10 ಭಾಗಕ್ಕೆ ಇಳಿಸಲಾಗಿರುವುದರಿಂದ ಈ ಅಪಾಯ ಬಹಳ ತಗ್ಗಿದೆ. ಉಳಿದ ನಷ್ಟಗಳು ತಪ್ಪಿಲ್ಲ.

ಎಂಜಿನ್ನಿನ ಹದವನ್ನು ಕಾಯುವ ಕೆಲಸ ಥರ್ಮೋಸ್ಟಾಟ್ ಎಂಬ ಪುಟ್ಟ ಕವಾಟದ್ದು. ಅದರ ಲೋಹದ ಗೂಡಿನಲ್ಲಿ ಒಂದು ಬಗೆಯ ಮೇಣವನ್ನು ತುಂಬಿರುತ್ತಾರೆ. ನೀರು ತಣ್ಣಗಿರುವಾಗ ಕವಾಟ ಮುಚ್ಚಿದ್ದು, ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ಉಷ್ಣತೆ ಸುಮಾರು 80 ಡಿಗ್ರಿಯನ್ನು ಮುಟ್ಟಿದಾಗ ಮೇಣ ಕರಗಿ ಹಿಗ್ಗುತ್ತದೆ. ಕವಾಟ ಮೆಲ್ಲಮೆಲ್ಲನೆ ತೆರೆಯುತ್ತದೆ. ನೀರಿನ ಉಷ್ಣತೆ ಸಾಮಾನ್ಯವಾಗಿ 80ರಿಂದ 95 ಡಿಗ್ರಿಗಳ ನಡುವೆ ನಿಂತರೆ ಎಂಜಿನ್ ಹದವಾಗಿದೆಯೆಂದು ತಿಳಿಯಬಹುದು.

ಈ ಕವಾಟದ ಉಪಯೋಗವನ್ನು ಘಟ್ಟದ ರಸ್ತೆ ಚೆನ್ನಾಗಿ ತೋರಿಸಿಕೊಡುತ್ತದೆ. ಮಂಗಳೂರಿನಿಂದ ಹೊರೆ ಹೊತ್ತು ಶಿರಾಡಿ ಘಟ್ಟವನ್ನೇರುವ ಲಾರಿ ತನ್ನ ಪೂರ್ಣ ಶಕ್ತಿಯನ್ನು ವ್ಯಯಿಸುತ್ತ ನಿಧಾನವಾಗಿ ಸಾಗುತ್ತದೆ. ಶಾಖ ಹೆಚ್ಚು, ಎದುರುಗಾಳಿ ಕಡಿಮೆ. ಆಗ ಕವಾಟ ಪೂರ್ತಿ ತೆರೆದಿರಬೇಕು. ಸಕಲೇಶಪುರದಿಂದ ಕೆಳಗಿಳಿಯುವ ಲಾರಿಯ ಎಂಜಿನ್ನಿನಲ್ಲಿಯಾದರೋ ಇಂಧನ ಉರಿಯುವುದೇ ಅಲ್ಪ. ಆದರೂ ಫ್ಯಾನು ತಿರುಗುತ್ತಲೇ ಇರುತ್ತದೆ. ಕವಾಟ ಮುಚ್ಚಿಕೊಳ್ಳದಿದ್ದರೆ ಎಂಜಿನ್ ತನ್ನ ಶಾಖವನ್ನು ಬಹುಮಟ್ಟಿಗೆ ಕಳೆದುಕೊಂಡೇ ಬಯಲನ್ನು ಸೇರುತ್ತದೆ.

ಇಷ್ಟಾದರೂ ಬಿಸಿಲಿನ ನಾಡಿನಲ್ಲಿ ಥರ್ಮೋಸ್ಟಾಟ್ ಬೇಡವೆಂದು ಅದನ್ನು ಕಿತ್ತುಹಾಕಿಸುವ ರೂಢಿಯುಂಟು. ಹೊರಗಿನ ಗಾಳಿ 40 ಡಿಗ್ರಿ ಇದ್ದರೂ ಅದು ಎಂಜಿನ್ನಿಗೆ ಬೇಕಾದ ಉಷ್ಣತೆಯ ಅರ್ಧದಷ್ಟು ಮಾತ್ರ ಎಂಬುದನ್ನು ಈ ರೂಢಿ ಮರೆಯುತ್ತದೆ. ಇನ್ನೊಂದು ವಿಪರ್ಯಾಸವೂ ಇದೆ. ಕೆಲವು ಎಂಜಿನ್ನುಗಳಲ್ಲಿ ನೀರು ಒಳಗೇ ಸುತ್ತುವ ಅಡ್ಡದಾರಿಯನ್ನು ಮುಚ್ಚುವುದೂ ಇದೇ ಕವಾಟ. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆ ಹಿಂದಿರುಗಿ, ಏರಿನಲ್ಲಿ ಎಂಜಿನ್ ಕುದಿಯುವ ಸಂಭವವೇ ಹೆಚ್ಚುತ್ತದೆ. ಎಂಜಿನ್ ಕುದಿಯುತ್ತಿದ್ದರೆ ಕಟ್ಟಿಕೊಂಡ ರೇಡಿಯೇಟರ್, ಸಡಿಲವಾದ ಬೆಲ್ಟು, ಸವೆದ ಪಂಪು ಮೊದಲಾದವುಗಳಲ್ಲಿ ಕಾರಣವನ್ನು ಹುಡುಕಬೇಕೇ ಹೊರತು ಕವಾಟವನ್ನು ಬಲಿಕೊಡಬಾರದು. ಕವಾಟವನ್ನೇ ಸಂಶಯಿಸಿದರೆ ಪರೀಕ್ಷೆ ಸುಲಭ. ಅದನ್ನು ಬಿಚ್ಚಿ, ದಾರ ಕಟ್ಟಿ, ನೀರು ತುಂಬಿದ ಪಾತ್ರೆಯಲ್ಲಿ ತೂಗಬಿಟ್ಟು, ಉಷ್ಣಮಾಪಕವನ್ನಿರಿಸಿ ಕಾಯಿಸಿದರೆ ಎಷ್ಟು ಡಿಗ್ರಿಯಲ್ಲಿ ತೆರೆಯುವುದೆಂದು ಕಣ್ಣಾರೆ ಕಾಣಬಹುದು.

ವರ್ಷಕ್ಕೆ 60,000 ಕಿಲೋಮೀಟರ್ ಓಡುವ ಲಾರಿಯೊಂದು ಲೀಟರಿಗೆ 4 ಕಿಲೋಮೀಟರ್ ಸಾಗುತ್ತದೆಂದು ಭಾವಿಸಿದರೆ ಅದಕ್ಕೆ 15,000 ಲೀಟರ್ ಡೀಸೆಲ್ ಬೇಕು. ಎಂಜಿನ್ ತಣ್ಣಗೆ ಓಡಿದುದರಿಂದ ಇದರಲ್ಲಿ ನೂರಕ್ಕೆ ಎರಡು ಪಾಲು ಹಾಳಾದರೂ 300 ಲೀಟರ್ ನಷ್ಟ. ಒಂದೇ ಲಾರಿಯನ್ನು ನಂಬಿ ಸಂಸಾರವನ್ನು ಸಾಗಿಸುವವನಿಗೆ ಇದು ಸಣ್ಣ ಮೊತ್ತವಲ್ಲ. ಬೇಕಾದ ಕಚ್ಚಾ ತೈಲದ ಬಹುಭಾಗವನ್ನು ಹೊರದೇಶಗಳಿಂದ ತರಿಸಿಕೊಳ್ಳುವ ಭಾರತಕ್ಕೂ ಸಣ್ಣದಲ್ಲ. ಚಾಲಕನು ತನ್ನ ಎದುರಿಗಿರುವ ಉಷ್ಣತೆಯ ಮುಳ್ಳು ಮೇಲೇರಿದಾಗ ಬೆಚ್ಚುವಂತೆಯೇ, ಅದು ಕೆಳಗೇ ನಿಂತಾಗಲೂ ಕಾರಣವನ್ನು ಅರಸಿದರೆ ಈ ನಷ್ಟವನ್ನು ತಡೆಯಬಹುದು.