ಭರತದ ನೀರೂ ವಿದ್ಯುಚ್ಛಕ್ತಿಯೂ: ತಿದ್ದಿದ ಒಂದು ಪಾಠ

ಈ ಶಾಲೆಯಲ್ಲಿ ಕಲಿತು ಹೋದ ಪ್ರಿಯ ವಿದ್ಯಾರ್ಥಿನಿಯರಿಗೆ ನಾವು ಒಂದು ಪಾಠದ ಸಾಲ ತೀರಿಸಬೇಕಾಗಿದೆ. ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಪಾಠ ಹೇಳುವಾಗ, ಫ್ರಾನ್ಸ್ ದೇಶದಲ್ಲಿ ಸಮುದ್ರದ ಭರತ ಇಳಿತಗಳಿಂದ ವಿದ್ಯುಚ್ಛಕ್ತಿಯನ್ನು ಪಡೆಯುತ್ತಾರೆಂದೂ, ನಮ್ಮೂರ ಅಳಿವೆಗೂ ಅಂಥದೊಂದು ಕಟ್ಟೆ ಹಾಕಿದರೆ ಊರೆಲ್ಲ ಬೆಳಗುವದೆಂದೂ ಹೇಳಿದ್ದೆವು. ಮೊದಲನೆಯ ಮಾತು ನಿಜ, ಎರಡನೆಯದು ತಪ್ಪು. ಆ ತಪ್ಪನ್ನು ಅನೇಕರು ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡು ಹೋಗಿದ್ದಾರೆ. ಆದುದರಿಂದ ಎಲ್ಲರ ಕೈಗೂ ಸೇರುವ ಈ ಸಂಚಿಕೆಯಲ್ಲಿಯೇ ಅದನ್ನು ತಿದ್ದುವದು ಯುಕ್ತವೆಂದು ತಿಳಿದೆವು.

ತಪ್ಪನ್ನು ನಮಗೆ ತೋರಿಸಿದವಳು ಮೀನುಗಾರರ ಮನೆಯ ಒಬ್ಬ ಹುಡುಗಿ. ಮುಂದೊಂದು ವರ್ಷ ಅದೇ ಪಾಠ ನಡೆಯುತ್ತಿದ್ದಾಗ ಅವಳು ಎದ್ದು ನಿಂತು, “ಟೀಚರ್, ಆ ದೇಶದಲ್ಲಿ ನೀರು ಎಷ್ಟು ಏರುತ್ತದೆ? ನಮ್ಮ ದಕ್ಕೆಯಲ್ಲಿ ಇಳಿತಕ್ಕೂ ಭರತಕ್ಕೂ ನನ್ನ ಎದೆಮಟ್ಟದಷ್ಟೇ ವ್ಯತ್ಯಾಸ” ಎಂದಳು. ಉತ್ತರ ನಮ್ಮಲ್ಲಿರಲಿಲ್ಲ. ನಾಳೆ ಹೇಳುವೆವೆಂದು ಅವಳನ್ನು ಕುಳ್ಳಿರಿಸಿ, ಆ ಸಂಜೆ ಪುಸ್ತಕಗಳನ್ನು ತೆಗೆದು ಲೆಕ್ಕ ಹಾಕಿದೆವು. ಆಗ ಕಂಡದ್ದನ್ನು ಇಲ್ಲಿ ಕ್ರಮವಾಗಿ ವಿವರಿಸುವೆವು.

ಫ್ರಾನ್ಸಿನ ವಾಯವ್ಯ ಭಾಗದಲ್ಲಿ ಬ್ರಿಟನಿ ಎಂಬ ಪ್ರಾಂತವುಂಟು. ಅಲ್ಲಿ ಸಾಂ-ಮಾಲೋ ಎಂಬ ರೇವುಪಟ್ಟಣದ ಬಳಿ ರಾನ್ಸ್ ಎಂಬ ನದಿ ಸಮುದ್ರವನ್ನು ಸೇರುತ್ತದೆ. ಅದರ ಅಳಿವೆಗೆ ಅಡ್ಡಲಾಗಿ ಸುಮಾರು 750 ಮೀಟರ್ ಉದ್ದದ ಕಟ್ಟೆಯನ್ನು ಕಟ್ಟಿ, 1966ರಲ್ಲಿ ವಿದ್ಯುದಾಗಾರವನ್ನು ತೆರೆದರು. ಕಟ್ಟೆಯೊಳಗೆ 24 ಟರ್ಬೈನುಗಳಿವೆ. ಒಂದೊಂದರ ಶಕ್ತಿ 10 ಮೆಗಾವಾಟ್. ಭರತದ ವೇಳೆಯಲ್ಲಿ ಸಮುದ್ರದ ನೀರು ಬಾಗಿಲುಗಳ ಮೂಲಕ ಒಳಗೆ ತುಂಬುತ್ತದೆ. ನೀರು ತುಂಬಿದೊಡನೆ ಬಾಗಿಲುಗಳನ್ನು ಮುಚ್ಚುತ್ತಾರೆ. ಹೊರಗೆ ಸಮುದ್ರ ಇಳಿದ ಮೇಲೆ ಒಳಗಿನ ನೀರನ್ನು ಟರ್ಬೈನುಗಳ ಮೂಲಕ ಬಿಡುವಾಗ ಅವು ತಿರುಗಿ ವಿದ್ಯುಚ್ಛಕ್ತಿ ಹುಟ್ಟುತ್ತದೆ. ಕಲ್ಲಿದ್ದಲು ಬೇಡ, ಹೊಗೆಯಿಲ್ಲ. ಸೂರ್ಯಚಂದ್ರರ ಆಕರ್ಷಣೆಯಿಂದ ಭರತವು ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳಿಗೊಮ್ಮೆ ತಪ್ಪದೆ ಬರುವದರಿಂದ, ಮುಂದಿನ ವರ್ಷ ಯಾವ ದಿನ ಯಾವ ವೇಳೆಗೆ ಶಕ್ತಿ ದೊರೆಯುವದೆಂದು ಇಂದೇ ಬರೆದಿಡಬಹುದು. ಗಾಳಿಗೂ ಬಿಸಿಲಿಗೂ ಈ ಗುಣವಿಲ್ಲ.

ಆದರೆ ಅಲ್ಲಿ ನೀರು ಏರುವದು ಎಷ್ಟು? ಸರಾಸರಿಯಲ್ಲಿ 8 ಮೀಟರಿಗೂ ಮೇಲು. ಅತ್ಯಂತ ದೊಡ್ಡ ಭರತದಲ್ಲಿ 13 ಮೀಟರಿಗೂ ಹೆಚ್ಚು. ಎಂದರೆ ಇಳಿತದಲ್ಲಿ ತಳದಲ್ಲಿದ್ದ ನೀರು ಆರು ತಾಸಿನೊಳಗೆ ಎರಡಂತಸ್ತಿನ ಮನೆಯಷ್ಟು ಏರುವದು. ನಮ್ಮ ಮಂಗಳೂರು ಕಡೆಯ ಸಮುದ್ರದಲ್ಲಿ ಈ ಅಂತರವು ಒಂದೂವರೆ ಮೀಟರಿನ ಆಸುಪಾಸು, ಅನೇಕ ದಿನ ಅದಕ್ಕೂ ಕಡಮೆ. ಹುಡುಗಿಯ ಎದೆಮಟ್ಟದ ಅಳತೆ ಸರಿಯಾಗಿಯೇ ಇತ್ತು.

ಹಾಗಾದರೆ ಎತ್ತರವು ಕಾಲು ಪಾಲಾದರೆ ಶಕ್ತಿಯೂ ಕಾಲು ಪಾಲಾದೀತು, ಅಷ್ಟಾದರೂ ಸಾಲದೇ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ಪಾಠದ ಮರ್ಮವಿರುವದು. ಒಂದೇ ಅಗಲದ ಕೆರೆಯನ್ನು ಭಾವಿಸಿಕೊಳ್ಳಿರಿ. ನೀರು ಒಂದು ಮೀಟರ್ ಏರಿದರೆ ಒಂದು ಪಾಲು ನೀರು ಕೂಡಿತು. ಎರಡು ಮೀಟರ್ ಏರಿದರೆ ಎರಡು ಪಾಲು ನೀರು ಕೂಡಿದ್ದಲ್ಲದೆ, ಅದು ಬೀಳುವ ಎತ್ತರವೂ ಇಮ್ಮಡಿಯಾಯಿತು. ಆದುದರಿಂದ ಶಕ್ತಿಯು ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಈ ನಿಯಮದಂತೆ, ನಮ್ಮ ಭರತವನ್ನು ಉದಾರವಾಗಿ 2 ಮೀಟರ್ ಎಂದೇ ಹಿಡಿದರೂ, ಅಷ್ಟೇ ಅಗಲದ ನೀರಿನಿಂದ ನಮಗೆ ದೊರೆಯುವದು ರಾನ್ಸಿನ ಹದಿನಾರನೆಯ ಒಂದು ಪಾಲು ಮಾತ್ರ. ಕಟ್ಟೆಯ ಖರ್ಚಾದರೋ ಹದಿನಾರನೆಯ ಒಂದು ಪಾಲಿಗೆ ಇಳಿಯದು.

ರಾನ್ಸಿನಲ್ಲಿ ಸಹ ದುಡಿಮೆಗೆ ಮಿತಿಯುಂಟು. 240 ಮೆಗಾವಾಟಿನ ಯಂತ್ರಗಳು ವರ್ಷವಿಡೀ ನಿಲ್ಲದೆ ತಿರುಗಿದರೆ ಸುಮಾರು 210 ಕೋಟಿ ಯೂನಿಟ್ ಹುಟ್ಟಬೇಕು. ವಾಸ್ತವದಲ್ಲಿ ಹುಟ್ಟುವದು ಸುಮಾರು 50 ಕೋಟಿ. ಏಕೆಂದರೆ ನೀರು ತುಂಬುವ ತನಕವೂ, ಹೊರಗಿನ ಸಮುದ್ರ ಇಳಿಯುವ ತನಕವೂ ಕಾಯಬೇಕು.

ಇನ್ನೊಂದು ಬೆಲೆಯೂ ಉಂಟು. ಅದನ್ನು ನಾವು ಅಂದಿನ ಪಾಠದಲ್ಲಿ ಹೇಳಿಯೇ ಇರಲಿಲ್ಲ. ಕಟ್ಟೆ ಕಟ್ಟುವದಕ್ಕಾಗಿ 1963ರಿಂದ 1966ರ ವರೆಗೆ ಆ ಅಳಿವೆಯನ್ನು ಸಮುದ್ರದಿಂದ ಬೇರ್ಪಡಿಸಿದ್ದರು. ಒಳಗಿನ ನೀರಿನ ಉಪ್ಪು ಕಡಮೆಯಾಗಿ, ಅಲ್ಲಿದ್ದ ಕಡಲಜೀವಿಗಳು ಬಹುಮಟ್ಟಿಗೆ ನಾಶವಾದವು. ಬಾಗಿಲು ತೆರೆದ ಮೇಲೆ ಜೀವಿಗಳು ಮರಳಿ ನೆಲೆಗೊಳ್ಳಲು ಸುಮಾರು ಹತ್ತು ವರ್ಷಗಳು ಬೇಕಾದವು. ಹೂಳಿನ ತೊಂದರೆಯೂ ಹೆಚ್ಚಿತು. ನಮ್ಮ ಅಳಿವೆಯಲ್ಲಿ ಮರುವಾಯಿ ಆರಿಸಿ, ಬಲೆ ಬೀಸಿ ಮಕ್ಕಳನ್ನು ಶಾಲೆಗೆ ಕಳುಹಿಸುವ ತಾಯಿತಂದೆಗಳು ಈ ಸಂಚಿಕೆಯ ವಾಚಕರಲ್ಲಿದ್ದಾರೆ. ಅವರ ಹೊಳೆಯನ್ನು ಮುಚ್ಚಿ ದೀಪ ಹಚ್ಚುವದನ್ನು ಎಷ್ಟು ಸುಲಭವಾಗಿ ಬೋಧಿಸಿದ್ದೆವೆಂದು ನೆನೆದರೆ ಇಂದು ನಮಗೆ ನಾಚಿಕೆಯಾಗುತ್ತದೆ.

ಇದರಿಂದ ಸಮುದ್ರದ ವಿದ್ಯುತ್ತೇ ಬರೀ ಮಾತೆಂದು ಯಾರೂ ತಿಳಿಯಬಾರದು. ದಕ್ಷಿಣ ಕೊರಿಯದ ಸಿಹ್ವಾ ಎಂಬಲ್ಲಿ, ಮೊದಲೇ ಇದ್ದ ಕಟ್ಟೆಯಿಂದ ಒಳಗಿನ ನೀರು ನಿಂತು ಕೆಟ್ಟುಹೋಗಿತ್ತು. ಅದೇ ಕಟ್ಟೆಯಲ್ಲಿ 254 ಮೆಗಾವಾಟಿನ ಯಂತ್ರಗಳನ್ನು ಕೂಡಿಸಿ 2011ರಲ್ಲಿ ಸಮುದ್ರಕ್ಕೆ ದಾರಿ ತೆರೆದಾಗ, ವಿದ್ಯುತ್ತೂ ದೊರೆಯಿತು, ನೀರೂ ಸುಧಾರಿಸಿತು. ನಮ್ಮ ದೇಶದಲ್ಲಿ ಗುಜರಾತಿನ ಖಂಭಾತ ಕೊಲ್ಲಿಯಲ್ಲಿ 10 ಮೀಟರಿಗೂ ಹೆಚ್ಚು ಭರತ ಬರುವ ಸ್ಥಳಗಳುಂಟು. ಭರತ ಚಿಕ್ಕದಾಗಿರುವ ಕಡೆಯಲ್ಲಿ ತೆರೆಗಳ ಬಲವನ್ನೂ ಪರೀಕ್ಷಿಸಿದ್ದಾರೆ. ಕೇರಳದ ವಿಳಿಂಜಂ ರೇವಿನಲ್ಲಿ 1991ರಲ್ಲಿ 150 ಕಿಲೋವಾಟಿನ ಯಂತ್ರವೊಂದನ್ನು ನಿಲ್ಲಿಸಿದರು. ಕಾಂಕ್ರೀಟಿನ ಕೋಣೆಯೊಳಗೆ ತೆರೆ ಏರಿ ಇಳಿಯುವಾಗ ಅಲ್ಲಿನ ಗಾಳಿ ತಿದಿಯ ಗಾಳಿಯಂತೆ ಹೊರಗೂ ಒಳಗೂ ನುಗ್ಗಿ ಟರ್ಬೈನನ್ನು ತಿರುಗಿಸುತ್ತಿತ್ತು. ಮಳೆಗಾಲದ ತೆರೆಗೂ ಬೇಸಗೆಯ ತೆರೆಗೂ ಬಹಳ ಭೇದವಿರುವದರಿಂದ ಶಕ್ತಿ ಒಂದೇ ಸಮನಾಗಿ ದೊರೆಯಲಿಲ್ಲ. ಈಗ ಆ ಯಂತ್ರವು ನಡೆಯುತ್ತಿಲ್ಲವಾದರೂ, ಅದರಿಂದ ಕಲಿತದ್ದು ವ್ಯರ್ಥವಲ್ಲ.

ಮರುದಿನ ತರಗತಿಯಲ್ಲಿ ನಾವು ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು, ನಮ್ಮ ಹಳೆಯ ಮಾತು ತಪ್ಪೆಂದು ಒಪ್ಪಿಕೊಂಡೆವು. ಪ್ರಶ್ನೆ ಕೇಳಿದವಳು ತಲೆತಗ್ಗಿಸಿ ಕುಳಿತಿದ್ದಳು. ಟೀಚರನ್ನು ಪ್ರಶ್ನಿಸಿದ್ದು ಅಪರಾಧವಾಯಿತೋ ಎಂಬ ಭಯ ಅವಳಿಗೆ. ಅಪರಾಧವಲ್ಲ, ಉಪಕಾರವೆಂದು ಎಲ್ಲರೆದುರಿನಲ್ಲಿ ಹೇಳಿದೆವು.

ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಮನೆಗೆಲಸ ಕೊಡುವೆವು. ಅಮಾವಾಸ್ಯೆಯ ದಿನವೊಮ್ಮೆ, ಅಷ್ಟಮಿಯ ದಿನವೊಮ್ಮೆ ಮಕ್ಕಳೊಡನೆ ದಕ್ಕೆಗೆ ಹೋಗಿ, ಭರತದ ಗುರುತನ್ನೂ ಇಳಿತದ ಗುರುತನ್ನೂ ಅಳೆದು ಬರೆದಿಡಿರಿ. ಎರಡು ದಿನಗಳ ಅಂತರವೂ ಒಂದೇ ಆಗಿರದು. ಏಕೆಂದು ಮಕ್ಕಳನ್ನೇ ಕೇಳಿರಿ. ಮುಂದೆ ಯಾರಾದರೂ ಬಂದು ನಿಮ್ಮ ಹೊಳೆಯಿಂದ ಊರು ಬೆಳಗುವದೆಂದು ಹೇಳಿದರೆ, ನೀರು ಎಷ್ಟು ಏರುತ್ತದೆ, ಹೊಳೆಯ ಜೀವಿಗಳ ಗತಿಯೇನು ಎಂಬ ಎರಡು ಪ್ರಶ್ನೆಗಳನ್ನು ಆ ಮಕ್ಕಳು ಕೇಳುವರು. ಹಳೆಯ ಪುಸ್ತಕವು ಮನೆಯಲ್ಲಿ ಇನ್ನೂ ಇದ್ದರೆ, ದಯಮಾಡಿ ಆ ಒಂದು ಸಾಲನ್ನು ಹೊಡೆದುಹಾಕಿರಿ.